ಹಳಿಗಿಂತ ಯಾರ್ಡ್, ಯಾರ್ಡಿಗಿಂತ ಸೇತುವೆ

ಹಳಿಯ ಮೇಲೆ ಬಾಂಬ್ ಬಿದ್ದರೆ ರೈಲು ನಿಂತೇ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರೈಲ್ವೆಯಲ್ಲಿ ದುಡಿದ ಯಾರನ್ನಾದರೂ ಕೇಳಿ ನೋಡಿ, ಹಾಗೆ ಹೇಳುವುದಿಲ್ಲ. ಬಯಲಲ್ಲಿ ಹೋಗುವ ಲೈನಿನಲ್ಲಿ ಗುಂಡಿ ಬಿತ್ತು ಅನ್ನಿ. ಗ್ಯಾಂಗ್‌ಮನ್‌ಗಳು ಮಣ್ಣು, ಜಲ್ಲಿ ತುಂಬುತ್ತಾರೆ. ಬಾಗಿದ ಹಳಿ ಕತ್ತರಿಸಿ ಹೊಸ ತುಂಡು ಕೂರಿಸುತ್ತಾರೆ. ಮೊದಲ ಗಾಡಿಯನ್ನು ನಿಧಾನಕ್ಕೆ ದಾಟಿಸುತ್ತಾರೆ. ಒಂದು ದಿನ, ಹೆಚ್ಚೆಂದರೆ ಎರಡು ದಿನದ ಕೆಲಸ.

ಎರಡನೇ ಮಹಾಯುದ್ಧದ ಹೊತ್ತು. 1944ರಲ್ಲಿ ಬ್ರಿಟನ್, ಅಮೆರಿಕ ಮುಂತಾದ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಬೇಕಿತ್ತು. ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸ್ ಮತ್ತು ಬೆಲ್ಜಿಯಂನ ರೈಲ್ವೆ ಹಾಗೇ ಓಡುತ್ತಿದ್ದರೆ, ಇಳಿದವರ ಎದುರಿಗೆ ಟ್ಯಾಂಕ್ ಪಡೆಗಳು ರೈಲಿನಲ್ಲೇ ಬಂದು ನಿಲ್ಲುತ್ತಿದ್ದವು. ಹಾಗಾದರೆ ಎಲ್ಲಿ ಹೊಡೆಯಬೇಕು? ಇದಕ್ಕೆ ಯೋಜನೆ ಹಾಕಿಕೊಟ್ಟವರು ಸಾಲಿ ಝುಕರ್‌ಮನ್. ಮೂಲತಃ ಅವರು ಪ್ರಾಣಿಶಾಸ್ತ್ರಜ್ಞರು. ಸಿಸಿಲಿ ಮತ್ತು ದಕ್ಷಿಣ ಇಟಲಿಯ ದಾಳಿಗಳ ಲೆಕ್ಕವನ್ನೆಲ್ಲ ಕೂತು ನೋಡಿದವರು. ವ್ಯಾಗನ್‌ಗಳನ್ನು ಬೇರ್ಪಡಿಸಿ ಜೋಡಿಸುವ ದೊಡ್ಡ ಯಾರ್ಡ್, ಎಂಜಿನ್ ನಿಲ್ಲಿಸುವ ಲೋಕೋ ಶೆಡ್, ರಿಪೇರಿ ವರ್ಕ್‌ಶಾಪ್‌ಗಳನ್ನು ಹೊಡೆಯಿರಿ ಎಂದು ಅವರು ಹೇಳಿದರು. ಮಿತ್ರರಾಷ್ಟ್ರಗಳ ಸೇನಾಪತಿ ಐಸೆನ್‌ಹೋವರ್‌ಗೆ ಉಪ ಸೇನಾಪತಿಯಾಗಿದ್ದ ಆರ್ಥರ್ ಟೆಡರ್, ಝುಕರ್‌ಮನ್ ಬೆನ್ನಿಗೆ ನಿಂತರು. ಮಾರ್ಚ್ 25ರ ಸಭೆಯಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಶೆಡ್ಡೇ ಯಾಕೆ? ಉಗಿ ಎಂಜಿನ್ನಿಗೆ ದಿನವೂ ಆರೈಕೆ ಬೇಕು. ಕಲ್ಲಿದ್ದಲು, ನೀರು ತುಂಬಬೇಕು. ಬೂದಿ ತೆಗೆಯಬೇಕು. ಆಗಾಗ ಬಾಯ್ಲರ್ ತೊಳೆಯಬೇಕು. ದುಂಡಗಿನ ಶೆಡ್ಡಿನಲ್ಲಿ ಎಂಜಿನ್‌ಗಳು ಸುತ್ತಲೂ ನಿಂತಿರುತ್ತವೆ. ನಡುವೆ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್. ಒಳಗಿನ ಎಂಜಿನ್ ಹೊರಗೆ ಬರಬೇಕೆಂದರೆ ಅದರ ಮೇಲೆ ಹತ್ತಿಯೇ ಬರಬೇಕು. ಆ ಟರ್ನ್‌ಟೇಬಲ್‌ಗೆ ಒಂದು ಬಾಂಬ್ ಬಿದ್ದರೆ ಸಾಕು. ಸುತ್ತಲಿನ ಎಂಜಿನ್‌ಗಳಿಗೆ ಒಂದು ಗೀರೂ ಆಗದಿರಬಹುದು, ಆದರೆ ಒಂದೂ ಆಚೆಗೆ ಬರುವುದಿಲ್ಲ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಯಾರ್ಡಿನ ಪಾಯಿಂಟ್‌ಗಳೂ ಹಾಗೇ. ನೇರ ಹಳಿಯನ್ನು ಎಲ್ಲಿಂದಾದರೂ ತರಬಹುದು. ಪಾಯಿಂಟ್, ಕ್ರಾಸಿಂಗ್, ಸಿಗ್ನಲ್ ಕೇಬಲ್‌ಗಳನ್ನು ಆ ಜಾಗಕ್ಕೆ ತಕ್ಕಂತೆ ಹೊಂದಿಸಬೇಕು. ಮಾರ್ಚ್ 6ರ ರಾತ್ರಿ ಪ್ಯಾರಿಸ್ ಹೊರವಲಯದ ತ್ರಾಪ್ ಯಾರ್ಡಿನ ಮೇಲೆ 260ಕ್ಕೂ ಹೆಚ್ಚು ಬ್ರಿಟಿಷ್ ವಿಮಾನಗಳು ಪರೀಕ್ಷೆಯಂತೆ ದಾಳಿ ಮಾಡಿದವು. ತಿಂಗಳಿಗಿಂತ ಜಾಸ್ತಿ ಕಾಲ ಅಲ್ಲಿ ಸರಿಯಾಗಿ ಕೆಲಸ ನಡೆಯಲಿಲ್ಲ.

ಆದರೂ ಅಮೆರಿಕದ ವಾಯುಪಡೆಯ ಜನರಲ್ ಕಾರ್ಲ್ ಸ್ಪಾಟ್ಸ್ ಈ ಯೋಜನೆಯನ್ನು ವಿರೋಧಿಸಿದರು. ಅವರಿಗೆ ಜರ್ಮನಿಯ ತೈಲ ಕಾರ್ಖಾನೆಗಳನ್ನು ಹೊಡೆಯಬೇಕಿತ್ತು. ರೈಲ್ವೆಯ ಬಗ್ಗೆ ಎದ್ದ ಆಕ್ಷೇಪದಲ್ಲೂ ಹುರುಳಿತ್ತು. ಯಾರ್ಡ್ ಇರುವುದು ಬೇರೆ ಬೇರೆ ಊರಿನ ವ್ಯಾಗನ್‌ಗಳನ್ನು ಬೇರ್ಪಡಿಸಿ ಜೋಡಿಸುವುದಕ್ಕೆ. ಸೇನಾ ರೈಲಿಗೆ ಅದು ಬೇಕಿಲ್ಲ. ಹೊರಟ ರೇಕ್, ಅಂದರೆ ಜೋಡಿಸಿದ ಬೋಗಿಗಳ ಸಾಲು, ಹಾಗೇ ಕೊನೆ ಸ್ಟೇಷನ್ ಮುಟ್ಟುತ್ತದೆ. ಯಾರ್ಡ್ ಹಾಳಾದರೂ ನಡುವೆ ಒಂದು ಲೈನ್ ತೆರವು ಮಾಡಿಕೊಟ್ಟರೆ ಆಯಿತು. ಬೆಲ್ಜಿಯಂನ ಕೋರ್ಟ್‌ರೈಕ್‌ನಲ್ಲಿ ಮಾರ್ಚ್ 26ರ ರಾತ್ರಿ ದಾಳಿಯಾಯಿತು. ಊರಿನ 250ಕ್ಕೂ ಹೆಚ್ಚು ಜನ ಸತ್ತರು. ಮೂರೇ ದಿನದಲ್ಲಿ ಲೈನ್ ಮತ್ತೆ ಓಡಿತು.

ನನ್ನನ್ನು ಹೆಚ್ಚು ಕಾಡುವುದು ಈ ಸಾವುಗಳೇ. ಯಾರ್ಡ್ ಇದ್ದಲ್ಲಿ ರೈಲ್ವೆ ಕ್ವಾರ್ಟರ್ಸ್ ಇದ್ದೇ ಇರುತ್ತದೆ, ಅಲ್ವಾ? ಫ್ರಾನ್ಸಿನ ಲಿಲ್ ಪಕ್ಕದ ಲೊಮ್‌ನಲ್ಲಿ ದೆಲಿವ್ರಾನ್ಸ್ ಅನ್ನುವ ಯಾರ್ಡ್ ಇದೆ. 1920ರ ದಶಕದಲ್ಲಿ ಅಲ್ಲಿನ ರೈಲ್ವೆ ಕಂಪನಿ ಯಾರ್ಡಿಗೆ ಅಂಟಿಕೊಂಡಂತೆ ತನ್ನ ನೌಕರರಿಗೆ ಒಂದು ಪುಟ್ಟ ಊರನ್ನೇ ಕಟ್ಟಿಸಿತ್ತು. ಪ್ರತಿ ಮನೆಗೂ ತೋಟ. ಕೆಲಸಕ್ಕೆ ನಡೆದೇ ಹೋಗಬಹುದಿತ್ತು. 1944ರ ಏಪ್ರಿಲ್ 9, ಈಸ್ಟರ್ ಭಾನುವಾರ. ಆ ರಾತ್ರಿ ಬ್ರಿಟಿಷ್ ಬಾಂಬರ್‌ಗಳು ಬಂದವು. ಯಾರ್ಡಿನಲ್ಲಿದ್ದ ಸುಮಾರು 3,000 ವ್ಯಾಗನ್‌ಗಳಲ್ಲಿ 2,000ಕ್ಕೂ ಹೆಚ್ಚು ಹಾಳಾದವು. ಸೇನೆಯ ಲೆಕ್ಕದಲ್ಲಿ ಇದು ಗೆಲುವು. ಮನೆಗಳಲ್ಲಿ 450ಕ್ಕೂ ಹೆಚ್ಚು ಜನ ಸತ್ತರು. ಶಂಟಿಂಗ್ ಮಾಡುವವರು, ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗಳು, ಅವರ ಹೆಂಡತಿ ಮಕ್ಕಳು ಇದ್ದ ಮನೆಗಳು ಅವು. ಈ ನೌಕರರಲ್ಲೇ ಎಷ್ಟೋ ಜನ ಜರ್ಮನ್ನರ ಗಾಡಿಗಳನ್ನು ಬೇಕಂತಲೇ ತಡಮಾಡುತ್ತಿದ್ದರು. ಹಳಿ ಕೀಳುವ ಪ್ರತಿರೋಧ ಪಡೆಗೂ ಸಹಾಯ ಮಾಡುತ್ತಿದ್ದರು.

ಇದು ಹೀಗಾಗುತ್ತದೆ ಅಂತ ಲಂಡನ್ನಿನಲ್ಲಿ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಫ್ರೆಂಚರ ಸಾವು 10,000 ಮೀರಬಾರದು ಎಂದು ಚರ್ಚಿಲ್ ಪಟ್ಟು ಹಿಡಿದರು. ಮೇ 7ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರವನ್ನೂ ಬರೆದರು. ಸೇನಾಧಿಕಾರಿಗಳ ಕೈ ಕಟ್ಟಲಾರೆ ಎಂದು ರೂಸ್‌ವೆಲ್ಟ್ ಉತ್ತರಿಸಿದರು.

ಅದೇ ಮೇ 7ರಂದು ಫ್ರಾನ್ಸಿನ ವೆರ್ನೋನ್ ಎಂಬಲ್ಲಿ ಅಮೆರಿಕದ 8 ಥಂಡರ್‌ಬೋಲ್ಟ್ ಯುದ್ಧವಿಮಾನಗಳು ಕೆಳಕ್ಕೆ ಇಳಿದು ಸೆನ್ ನದಿಯ ರೈಲು ಸೇತುವೆಯನ್ನು ಉರುಳಿಸಿದವು. ಸೇತುವೆ ಬೀಳಿಸಲು ಸಿಕ್ಕಾಪಟ್ಟೆ ಬಾಂಬ್ ಬೇಕು, ಅದು ಆಗದ ಕೆಲಸ ಅನ್ನುತ್ತಿದ್ದವರ ವಾದ ಅಲ್ಲಿಗೆ ಮುಗಿಯಿತು. ಸೇತುವೆಯ ಗರ್ಡರ್, ಅಂದರೆ ಉಕ್ಕಿನ ತೊಲೆ, ನೀರಿಗೆ ಬಿದ್ದರೆ ಯಾವ ಗ್ಯಾಂಗೂ ಎರಡು ದಿನದಲ್ಲಿ ಎತ್ತಿ ಕೂರಿಸಲಾರದು. ಪಕ್ಕದಲ್ಲಿ ಬಳಸಿ ಹೋಗಲು ಲೂಪ್ ಲೈನೂ ಇರುವುದಿಲ್ಲ. ಸೇನೆ ಇಳಿದ ಜೂನ್ 6ರ ಹೊತ್ತಿಗೆ ಪ್ಯಾರಿಸ್‌ನಿಂದ ಸಮುದ್ರದ ಕಡೆಗೆ ಸೆನ್ ನದಿಯ ರೈಲು ಸೇತುವೆಗಳೆಲ್ಲ ಮುರಿದಿದ್ದವು. ದಕ್ಷಿಣದ ಲುವಾರ್ ನದಿಯ ಸೇತುವೆಗಳನ್ನು ಮಾತ್ರ ಇಳಿಯುವ ದಿನದ ತನಕ ಬೇಕಂತಲೇ ಬಿಟ್ಟಿದ್ದರು. ಎರಡನ್ನೂ ಮುಂಚೆಯೇ ಮುರಿದಿದ್ದರೆ ನಾರ್ಮಂಡಿಯೇ ಗುರಿ ಎಂದು ಜರ್ಮನ್ನರಿಗೆ ಸುಳಿವು ಸಿಗುತ್ತಿತ್ತು.

ಯಾರ್ಡ್ ದಾಳಿ ಸುಮ್ನೆ ವ್ಯರ್ಥವಾಯಿತು ಅಂತ ನಾನು ಹೇಳುವುದಿಲ್ಲ. ಎಂಜಿನ್, ರಿಪೇರಿಯವರು, ಕಲ್ಲಿದ್ದಲು ಎಲ್ಲವೂ ಕಮ್ಮಿಯಾಗಿದ್ದ ರೈಲ್ವೆಗೆ ಸೇತುವೆಯ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಪೂರ್ವ ರಣರಂಗದಿಂದ ಕರೆಸಿದ, ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್ಎಸ್‌ನ ಟ್ಯಾಂಕ್ ಪಡೆಗಳು ಫ್ರಾನ್ಸಿನ ಗಡಿಗೆ ಬೇಗ ಬಂದವು. ಅಲ್ಲಿಂದ ನಾರ್ಮಂಡಿ ಮುಟ್ಟುವುದಕ್ಕೇ ಜಾಸ್ತಿ ದಿನ ಹಿಡಿಯಿತು. ಆದರೆ ಸೇತುವೆಗಳ ಸರದಿ ಮೊದಲೇ ಬಂದಿದ್ದರೆ, ಜನವಸತಿಯ ನಡುವಿನ ಯಾರ್ಡ್‌ಗಳಲ್ಲಿ ಕೆಲವನ್ನಾದರೂ ಪಟ್ಟಿಯಿಂದ ಬಿಡಬಹುದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುರಿದ ರೈಲ್ವೆ ಮುಂದೆ ಮುರಿದವರಿಗೇ ಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಅಮೆರಿಕನ್ ಸೇನೆ ಪೂರ್ವಕ್ಕೆ ನುಗ್ಗಿದಾಗ ಸಾಮಾನು ಸಾಗಿಸಲು ಹಳಿಗಳಿರಲಿಲ್ಲ. ರೆಡ್ ಬಾಲ್ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಸಾವಿರಾರು ಲಾರಿಗಳು ನವೆಂಬರ್ ತನಕ ಹಗಲೂ ರಾತ್ರಿ ಓಡಿದವು. ಎಂಜಿನ್‌ಗಳ ಕೊರತೆ ನೀಗಲು ಫ್ರಾನ್ಸ್ ಅಮೆರಿಕ ಮತ್ತು ಕೆನಡಾದಿಂದ 141ಆರ್ ಮಾದರಿಯ 1,340 ಉಗಿ ಎಂಜಿನ್‌ಗಳನ್ನು ತರಿಸಿತು. ಅವುಗಳಲ್ಲಿ 17 ಓಡುವ ಮೊದಲೇ ನೀರುಪಾಲಾದವು. ಉಳಿದವು 1970ರ ದಶಕದ ತನಕ ಗಾಡಿ ಎಳೆದವು.