ಮಳೆಕೊಯ್ಲು: ಗುಂಡಿ ತೋಡಿದ್ದೆಲ್ಲ ಕೊಯ್ಲಲ್ಲ

ಮೇ ತಿಂಗಳು ಬಂತೆಂದರೆ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ತಪ್ಪದೆ ಹಾಜರಾಗುತ್ತದೆ: "ಸೊಸೈಟಿಯಲ್ಲಿ ಮಳೆಕೊಯ್ಲು ಮಾಡಿಸಿದ್ದೇವೆ, ಆದರೂ ಟ್ಯಾಂಕರ್ ನಿಂತಿಲ್ಲ. ಎಲ್ಲಾ ಬೋಗಸ್." (ಸೊಸೈಟಿ ಅಂದರೆ ಇಲ್ಲಿನ ಅಪಾರ್ಟ್‌ಮೆಂಟ್ ಸಮುಚ್ಚಯ.) ಈ ವರ್ಷವೂ ಬಂತು, ಫೋಟೊ ಸಮೇತ. ಪಾರ್ಕಿಂಗ್ ಮೂಲೆಯಲ್ಲಿ ಒಂದು ಗುಂಡಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿ ತುಂಬ ಒಣಗಿದ ಎಲೆ, ಗುಟ್ಕಾ ಪೊಟ್ಟಣ. ಟೆರೇಸಿನಿಂದ ಇಳಿದ ಪೈಪು ಆ ಗುಂಡಿಯ ಪಕ್ಕದಲ್ಲೇ ಹಾದು ನೆಟ್ಟಗೆ ಗಟಾರಕ್ಕೆ ಹೋಗಿದೆ. ಗುಂಡಿಗೂ ಪೈಪಿಗೂ ಸಂಬಂಧವೇ ಇಲ್ಲ. ಅದಕ್ಕೆ ಕೆಳಗೆ ಹದಿನಾರು ಜನರ ಸಿಟ್ಟಿನ ಎಮೋಜಿ, ಸಿಟ್ಟೆಲ್ಲ ಮಳೆಕೊಯ್ಲಿನ ಮೇಲೆ.

ಇಲ್ಲಿ ಪದದ ಬಗ್ಗೆ ಸ್ವಲ್ಪ ಜಗಳ ಆಡಲೇಬೇಕು.

ಕೊಯ್ ಅನ್ನುವುದು ಅಚ್ಚ ದ್ರಾವಿಡ ಧಾತು. ತಮಿಳು, ಮಲಯಾಳಂನಲ್ಲೂ ಕೊಯ್, ತೆಲುಗಿನಲ್ಲಿ ಕೋಯು. ಅರ್ಥ ಕತ್ತರಿಸು, ಬಿಡಿಸಿಕೊ. ಹೂ ಕೊಯ್ಯುತ್ತೇವೆ, ಮಾವು ಕೊಯ್ಯುತ್ತೇವೆ, ಭತ್ತ ಕೊಯ್ಯುತ್ತೇವೆ. ಮೀಟಿಂಗಿನಲ್ಲಿ ಮೈಕ್ ಬಿಡದವರಿಗೆ "ಸಾಕು ಮಾರಾಯ, ಕುಯ್ಯಬೇಡ" ಅನ್ನುತ್ತೇವೆ. ಕೊಯ್ಲು ಅಥವಾ ಕೊಯಿಲು ಅದರ ನಾಮಪದ. ಮಳೆಕೊಯ್ಲು ಮಾತ್ರ ಹೊಸದು, ರೇನ್‌ವಾಟರ್ ಹಾರ್ವೆಸ್ಟಿಂಗ್ ಅನ್ನುವುದರ ನೇರ ಅನುವಾದ. 2009ರಲ್ಲಿ ಬೆಂಗಳೂರಿನ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಕಡ್ಡಾಯ ಮಾಡಿದ ಮೇಲೆ ನಗರದವರ ಬಾಯಲ್ಲೂ ಹೊರಳತೊಡಗಿತು. ಚೆಂದದ ಪದವೇ. ಆದರೆ ಕೊಯ್ಲು ಅಂದ ಕೂಡಲೇ ಕೇಳುವವರ ಮನಸ್ಸಿನಲ್ಲಿ ಕಣಜ ತುಂಬುತ್ತದೆ. ಕೊಯ್ದೆ ಅಂದರೆ ಕೈಗೆ ಬಂತು ಅಂತಲೇ ಅಲ್ವಾ?

ಟೆರೇಸಿನ ನೀರನ್ನು ಸೋಸಿ ಟಾಕಿಯಲ್ಲಿ ತುಂಬಿಟ್ಟು ಬಳಸಿದರೆ ಅದು ಕೊಯ್ಲು, ತಕರಾರಿಲ್ಲ. ಗುಂಡಿಗೆ ಬಿಟ್ಟು ನೆಲಕ್ಕೆ ಕುಡಿಸಿದರೆ? ಅದು ಬಿತ್ತನೆ. ಬೆಳೆ ಬರಬಹುದು, ತಡವಾಗಿ ಬರಬಹುದು, ಬಿತ್ತಿದವರು ನೀವಾಗಿ ಕೊಯ್ಯುವವರು ಇಳಿಜಾರಿನ ಕೆಳಗಿನ ಸೊಸೈಟಿಯವರೂ ಆಗಬಹುದು. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಮೊದಲಿಂದ ಇದೆ: ಇಂಗಿಸುವುದು. ಸಾರು ಕುದಿದು ಇಂಗುತ್ತದೆ, ಗದ್ದೆಯ ನೀರು ಇಂಗುತ್ತದೆ. (ಒಗ್ಗರಣೆಯ ಇಂಗು ಬೇರೆ, ಅದು ಸಂಸ್ಕೃತದ ಹಿಂಗು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಅಂತಾರಲ್ಲ, ಅದು.) ಇಷ್ಟು ಸ್ಪಷ್ಟವಾದ ಕ್ರಿಯಾಪದ ಕೈಯಲ್ಲಿದ್ದೂ ಗುಂಡಿಗೆಲ್ಲ ಮಳೆಕೊಯ್ಲು ಅಂತ ಬೋರ್ಡು ಹಾಕುವುದು ಯಾಕೆ ಅಂತ ನನಗೆ ತಿಳಿಯದು.

ಈ ವಿಷಯದಲ್ಲಿ ಮರಾಠಿಯವರು ಜಾಣರು. ಅವರ ಹಳೆಯ ಘೋಷಣೆ "ಪಾಣಿ ಅಡವಾ, ಪಾಣಿ ಜಿರವಾ". ಅಡವಾ ಅಂದರೆ ತಡೆಯಿರಿ, ಜಿರವಾ ಅಂದರೆ ಇಂಗಿಸಿ. ಎರಡು ಕೆಲಸಕ್ಕೆ ಎರಡು ಮಾತು. ಜಿರಣೆ ನಮ್ಮ ಜೀರ್ಣದ ನೆಂಟ, ನೆಲ ನೀರನ್ನು ಅರಗಿಸಿಕೊಳ್ಳಬೇಕು ಅನ್ನುವುದು ಪದದಲ್ಲೇ ಕೂತಿದೆ. ಒಬ್ಬರ ಸೊಕ್ಕು ಇಳಿಸುವುದಕ್ಕೂ ಅದೇ ಪದ. ಹಾಗಾಗಿ "ಏಕಮೇಕಾಂನಾ ಅಡವಾ, ಏಕಮೇಕಾಂಚೀ ಜಿರವಾ" ಅಂತ ಚೇಷ್ಟೆಯೂ ಹುಟ್ಟಿದೆ: ಒಬ್ಬರನ್ನೊಬ್ಬರು ತಡೆಯಿರಿ, ಒಬ್ಬರ ಸೊಕ್ಕನ್ನೊಬ್ಬರು ಇಳಿಸಿ. ಸೊಸೈಟಿಯ ವಾರ್ಷಿಕ ಸಭೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆಲ ಅರಗಿಸಿಕೊಳ್ಳುತ್ತದೆಯೇ ಅನ್ನುವುದು ನೆಲವನ್ನು ಅವಲಂಬಿಸಿದೆ. ಪುಣೆ ಕೂತಿರುವುದು ಬಸಾಲ್ಟಿನ ಮೇಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಗಟ್ಟಿ ಪದರದೊಳಗೆ ನೀರು ಹೋಗದು. ಶಿಥಿಲವಾದ ಮೇಲಿನ ಪದರ, ಬಿರುಕು, ಎರಡು ಹರಿವುಗಳ ನಡುವಿನ ಸಂದು, ಇಷ್ಟರಲ್ಲೇ ಅದರ ಓಡಾಟ. ಬಿರುಕಿನ ಮೇಲೆ ತೋಡಿದ ಗುಂಡಿ ನೀರು ಕುಡಿಯುತ್ತದೆ, ಹತ್ತು ಹೆಜ್ಜೆ ಆಚೆ ಬಂಡೆಯ ಮೇಲೆ ತೋಡಿದ್ದು ಸೊಳ್ಳೆ ಸಾಕುತ್ತದೆ. ಹಾಗಾಗಿ ಭೂಜಲ ಬಲ್ಲವರಿಗೆ ಒಮ್ಮೆ ತೋರಿಸದೆ ಗುಂಡಿ ತೋಡುವುದು ದುಡ್ಡು ದಂಡ. ಗೋವಾದ ಚಿರೆಕಲ್ಲಿನ (ಜಂಬಿಟ್ಟಿಗೆಯ) ನೆಲದ ಸಮಸ್ಯೆ ಉಲ್ಟಾ. ಅಲ್ಲಿ ನೀರು ಬೇಗ ಒಳಗಿಳಿಯುತ್ತದೆ, ಬೇಗ ಜಾರಿಯೂ ಹೋಗುತ್ತದೆ. ಮಳೆಗಾಲದಲ್ಲಿ ತುಂಬಿ ತುಳುಕುವ ಬಾವಿ ಬೇಸಿಗೆಯಲ್ಲಿ ತಳ ಕಾಣಿಸುವುದು ಅದಕ್ಕೇ. ಮುಂಬಯಿಯಲ್ಲಿ ದೊಡ್ಡ ನಿವೇಶನಗಳ ಹೊಸ ಕಟ್ಟಡಕ್ಕೆ 2002ರಿಂದ ಮಳೆಕೊಯ್ಲು ಕಡ್ಡಾಯ. ಕಾಗದದ ಮೇಲೆ ಎಷ್ಟು, ನೆಲದ ಮೇಲೆ ಎಷ್ಟು ಅನ್ನುವುದು ಅಲ್ಲಿರುವವರಿಗೇ ಗೊತ್ತು.

ಇನ್ನು ಟ್ಯಾಂಕರ್ ಯಾಕೆ ನಿಲ್ಲಲಿಲ್ಲ ಅನ್ನುವ ದೂರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಪುಣೆ ಊರೊಳಗೆ ವರ್ಷಕ್ಕೆ 700 ಮಿಲಿಮೀಟರ್ ಅಂತ ಹಿಡಿಯಿರಿ. 500 ಚದರ ಮೀಟರಿನ ಟೆರೇಸ್ ಇದ್ದರೆ 3.5 ಲಕ್ಷ ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಕಳೆದು ಶೇ 80 ಸಿಕ್ಕರೆ 2.8 ಲಕ್ಷ. ಹತ್ತು ಸಾವಿರ ಲೀಟರಿನ 28 ಟ್ಯಾಂಕರ್. ಭಾರಿ ಅನ್ನಿಸುತ್ತದೆ ಅಲ್ವಾ? ಈಗ ಖರ್ಚು ನೋಡಿ. ನಗರದ ಮನೆಗಳಿಗೆ ಸರ್ಕಾರಿ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. 60 ಫ್ಲ್ಯಾಟು, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 32,400 ಲೀಟರ್. ಇಡೀ ವರ್ಷದ ಟೆರೇಸಿನ ಮಳೆ ಒಂಬತ್ತು ದಿನಕ್ಕೂ ಸಾಲದು. ಅದೂ ಅಷ್ಟನ್ನೂ ಹಿಡಿದಿಡುವ ಟಾಕಿ ಇದ್ದರೆ. ಇರುವುದಿಲ್ಲ.

ಹಾಗಾದರೆ ಯಾಕೆ ಮಾಡಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒರೆಸುವುದು, ಕಾರು ತೊಳೆಯುವುದು ಬಹುಪಾಲು ಇದರಲ್ಲೇ ಸಾಗುತ್ತದೆ. ಜೋರು ಮಳೆಯ ಒಂದು ದಿನ, 50 ಮಿಲಿಮೀಟರ್ ಬಿತ್ತು ಅನ್ನಿ, ಅದೇ ಟೆರೇಸಿನಿಂದ ಎರಡು ಟ್ಯಾಂಕರ್ ನೀರು ಸಿಗುತ್ತದೆ. ಅಷ್ಟೂ ನೀರು ರಸ್ತೆಗೆ ನುಗ್ಗುವುದೂ ತಪ್ಪುತ್ತದೆ. ಟೆರೇಸಿನಾಚೆಯ ಅಂಗಳದ ನೀರೂ ಸೇರಿ ಸರಿಯಾದ ಜಾಗದಲ್ಲಿ ಇಂಗಿದರೆ ಬೋರ್‌ವೆಲ್ ಇನ್ನೊಂದಷ್ಟು ದಿನ ಎಳೆಯುತ್ತದೆ. ಪುಣೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 10ರವರೆಗೆ ರಿಯಾಯಿತಿಯನ್ನೂ ಇಟ್ಟಿದೆ. ಮಳೆನೀರು, ಸೋಲಾರ್, ಎರೆಗೊಬ್ಬರ, ಇವುಗಳಲ್ಲಿ ಎಷ್ಟು ಮಾಡಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ. ವ್ಯವಸ್ಥೆ ಚಾಲೂ ಇರಬೇಕು ಅಷ್ಟೇ. ಗುಟ್ಕಾ ಪೊಟ್ಟಣದ ಗುಂಡಿಗೆ ಯಾರೂ ರಿಯಾಯಿತಿ ಕೊಡಬಾರದು.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯದ್ದು. ಊರ ಕಡೆ ಬಚ್ಚಲ ನೀರು ಬಿಡುವ ಗುಂಡಿಗೂ ಇಂಗುಗುಂಡಿ ಅಂತಾರೆ. ಮರಾಠಿಯಲ್ಲಿ ಅದಕ್ಕೆ ಶೋಷಖಡ್ಡಾ. ಆದರೆ ಇಲ್ಲಿನ ಪ್ಲಂಬರ್‌ಗಳು ಮಳೆನೀರಿನ ಗುಂಡಿಗೂ ಅದೇ ಹೆಸರು ಹೇಳುತ್ತಾರೆ. ಬಚ್ಚಲ ಗುಂಡಿ ಆಳ ಇರಬಾರದು, ಬಾವಿಯಿಂದ ದೂರ ಇರಬೇಕು. ಮೇಲುಮಣ್ಣೇ ಆ ಕೊಳೆಯನ್ನು ಸೋಸಬೇಕು. ಮಳೆನೀರನ್ನು ಮಾತ್ರ ಬೋರ್‌ವೆಲ್ ಪಕ್ಕದಲ್ಲೇ ಇಳಿಸುವುದುಂಟು, ಅದೂ ಚೆನ್ನಾಗಿ ಸೋಸಿದ ಮೇಲೆ. ಹೆಸರು ಒಂದೇ ಅಂತ ಯಾರಾದರೂ ವಾಷಿಂಗ್ ಮಷೀನಿನ ಪೈಪನ್ನು ಬೋರ್ ಪಕ್ಕದ ಗುಂಡಿಗೆ ಜೋಡಿಸಿದರೆ, ಅದೇ ನೀರು ತಿರುಗಿ ನಲ್ಲಿಗೆ ಬರುತ್ತದೆ. ಪಾರ್ಕಿಂಗ್‌ನ ಎಣ್ಣೆ ನೀರಿನದ್ದೂ ಇದೇ ಕಥೆ. ಕೆಲಸ ಒಪ್ಪಿಸುವಾಗ "ಶೋಷಖಡ್ಡಾ" ಅನ್ನಬೇಡಿ. "ರಿಚಾರ್ಜ್ ಪಿಟ್, ಫಕ್ತ ಪಾವಸಾಚಂ ಪಾಣಿ" (ಇಂಗಿಸುವ ಗುಂಡಿ, ಬರೀ ಮಳೆನೀರು) ಅನ್ನಿ, ಅರ್ಥ ಆಗುತ್ತದೆ.

ಟಾಕಿಗೋ ಗುಂಡಿಗೋ, ವರ್ಷದ ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ. ಎಂಟು ತಿಂಗಳ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಇಳಿಯುತ್ತದೆ. ಪೈಪಿನ ಬುಡದಲ್ಲಿ ಒಂದು ವಾಲ್ವ್ ಇದ್ದರೆ ಸಾಕು. ಗುಂಡಿಯ ತಳಕ್ಕೆ ದಪ್ಪ ಕಲ್ಲು, ನಡುವೆ ಜಲ್ಲಿ (ಇಲ್ಲಿಯವರ ಖಡಿ), ಮೇಲೆ ಮರಳು. ಮುಚ್ಚಿಕೊಳ್ಳುವುದು ಯಾವಾಗಲೂ ಮೇಲಿನ ಮರಳು. ಮೇ ಕೊನೆಯಲ್ಲಿ ಅದನ್ನು ಎತ್ತಿ ತೊಳೆದು ಹಾಕಿಸಿ, ಇಲ್ಲವೇ ಹೊಸ ಮರಳು ತರಿಸಿ. ಸೊಸೈಟಿಯ ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಗಣಪತಿ ಮಂಟಪಕ್ಕೂ ಲಿಫ್ಟ್ ರಿಪೇರಿಗೂ ಸಾಲು ಇರುತ್ತದೆ. ಈ ಮರಳಿಗೂ ಒಂದು ಸಾಲು ಹಾಕಿಸಿ, "ರಿಚಾರ್ಜ್ ಪಿಟ್ ಸಾಫಸಫಾಯಿ" ಅಂತ.