ತೊಟ್ಟಿಯಲ್ಲಿ ತೇಲಿದ ಕಾಫಿ ಹಣ್ಣು

ಡಿಸೆಂಬರ್ ತಿಂಗಳಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಸಂಜೆಯ ಹೊತ್ತು ಹೋದರೆ, ಅಂದು ಕೊಯ್ದ ಅರೇಬಿಕಾ ಹಣ್ಣನ್ನು ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕುವ ಮೊದಲು ನೀರಿನ ತೊಟ್ಟಿಗೆ ಸುರಿಯುವುದನ್ನು ನೋಡಬಹುದು. ಬಹುಪಾಲು ಹಣ್ಣು ತಳ ಸೇರುತ್ತದೆ, ಒಂದಷ್ಟು ಮಾತ್ರ ಮೇಲೆಯೇ ನಿಲ್ಲುತ್ತದೆ. ಕೈಯಾಡಿಸಿದರೆ, ತೇಲುವ ಹಣ್ಣುಗಳ ನಡುವೆ ಸಿಕ್ಕಿಕೊಂಡಿದ್ದ ಗಟ್ಟಿ ಹಣ್ಣುಗಳು ಒಂದೊಂದಾಗಿ ಜಾರಿ ಕೆಳಗಿಳಿಯುತ್ತವೆ. ಉಳಿದದ್ದನ್ನು ಬಾಚಿ ಬೇರೆ ಇಡುತ್ತಾರೆ. ಒಂದೇ ಗಿಡದ, ಒಂದೇ ಗಾತ್ರದ, ಒಂದೇ ಕೆಂಪಿನ ಎರಡು ಹಣ್ಣುಗಳಲ್ಲಿ ಒಂದು ಮುಳುಗಿ ಇನ್ನೊಂದು ತೇಲುವುದೇಕೆ?

ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂಬ ವಾಡಿಕೆಯ ಉತ್ತರ ಸಾಲದು. ಹಿಡಿಗಾತ್ರದ ಕಲ್ಲು ಮುಳುಗುವ ಕೆರೆಯಲ್ಲೇ, ಇಬ್ಬರು ಎತ್ತಲಾಗದ ಒಣಗಿದ ಸಿಲ್ವರ್ ಓಕ್ ದಿಮ್ಮಿ ತೇಲುತ್ತದೆ. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುವುದರಿಂದ, ಮುಳುಗಿಸಿದ ವಸ್ತುವಿನ ಕೆಳಭಾಗದ ಮೇಲೆ ಬೀಳುವ ಒತ್ತಡ ಮೇಲ್ಭಾಗದ್ದಕ್ಕಿಂತ ಹೆಚ್ಚಾಗಿರುತ್ತದೆ. ಈ ವ್ಯತ್ಯಾಸವೇ ವಸ್ತುವನ್ನು ಮೇಲಕ್ಕೆ ನೂಕುವ ಪ್ಲವನ ಬಲ. ವಸ್ತು ಎಷ್ಟು ನೀರನ್ನು ಸರಿಸಿ ಜಾಗ ಮಾಡಿಕೊಂಡಿದೆಯೋ ಆ ನೀರಿನ ತೂಕವೇ ಈ ಬಲದ ಅಳತೆ ಎಂಬುದನ್ನು ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಕಂಡುಕೊಂಡ. ಎಲ್ಲ ಬದಿಯೂ 10 ಸೆಂಟಿಮೀಟರ್ ಇರುವ ಗಟ್ಟಿಯನ್ನು ಪೂರ್ತಿ ಮುಳುಗಿಸಿದರೆ ಸರಿಯುವ ನೀರು 1 ಲೀಟರ್, ಅದರ ತೂಕ ಸುಮಾರು 1 ಕಿಲೋಗ್ರಾಂ. ಅದೇ ಅಳತೆಯ ಕಬ್ಬಿಣದ ಗಟ್ಟಿ 8 ಕಿಲೋಗ್ರಾಂಗೆ ಹತ್ತಿರ ತೂಗುವುದರಿಂದ ನೀರು ಅದನ್ನು ಹೊರಲಾರದು.

ಹಾಗಿದ್ದರೂ ಕಬ್ಬಿಣದ ಬಾಣಲೆ ತೇಲುತ್ತದೆ, ಏಕೆಂದರೆ ಅದರ ಹೊಟ್ಟೆಯೊಳಗಿನ ಗಾಳಿಯೂ ನೀರನ್ನು ಸರಿಸುವ ಲೆಕ್ಕಕ್ಕೆ ಸೇರುತ್ತದೆ. ನಮ್ಮ ನದಿಗಳ ಬಿದಿರಿನ ತೆಪ್ಪವನ್ನೇ ತೆಗೆದುಕೊಳ್ಳಿ: ತಳ ಸಪಾಟಾಗಿ 2 ಮೀಟರ್ ಅಗಲವಿರುವ ದುಂಡು ತೆಪ್ಪ 10 ಸೆಂಟಿಮೀಟರ್ ಇಳಿದರೆ ಸುಮಾರು 314 ಲೀಟರ್ ನೀರು ಸರಿಯುತ್ತದೆ, ಅಂದರೆ ತೆಪ್ಪ ಮತ್ತು ಜನ ಸೇರಿ 314 ಕಿಲೋಗ್ರಾಂ ಭಾರವನ್ನು ಹೊರಲು ಅಷ್ಟು ಇಳಿದರೆ ಸಾಕು. ಇನ್ನೊಬ್ಬರು ಹತ್ತಿದಾಗ ಅದು ಕೊಂಚ ತಗ್ಗುವುದನ್ನು, ಹೆಚ್ಚಿದ ಭಾರಕ್ಕೆ ತಕ್ಕಷ್ಟು ನೀರನ್ನು ಹೊಸದಾಗಿ ಸರಿಸಿಕೊಂಡು ನಿಲ್ಲುವುದನ್ನು, ಅಂಚಿನ ಒದ್ದೆ ಗೆರೆಯನ್ನು ನೋಡಿಯೇ ತಿಳಿಯಬಹುದು.

ಗೆಲ್ಲುವುದು ವಸ್ತುವಿನ ಸಾಂದ್ರತೆಯೋ (ಅಂದರೆ ಅದರ ಗಾತ್ರಕ್ಕೆ ಇರುವ ತೂಕವೋ) ನೀರಿನದೋ ಎಂಬುದೇ ಮುಖ್ಯವಾದ್ದರಿಂದ, ನೀರನ್ನು ಬದಲಿಸಿಯೂ ಫಲಿತಾಂಶ ಬದಲಿಸಬಹುದು. ಭತ್ತದ ಬಿತ್ತನೆ ಬೀಜ ಆರಿಸುವವರು ನೀರಿಗೆ ಉಪ್ಪು ಕರಗಿಸುತ್ತ ಹೋಗಿ, ತಳದಲ್ಲಿದ್ದ ತಾಜಾ ಮೊಟ್ಟೆ ಮೇಲೆದ್ದ ಮೇಲೆ ಬೀಜ ಸುರಿಯುತ್ತಾರೆ. ಬರಿ ನೀರಿನಲ್ಲಿ ಮುಳುಗಿಬಿಡುವ ಅರೆಜೊಳ್ಳು ಕೂಡ ಆಗ ತೇಲುತ್ತದೆ. ಒಳ್ಳೆಯ ಬೀಜವನ್ನು ಮರೆಯದೆ ಸಿಹಿನೀರಿನಲ್ಲಿ ತೊಳೆದು ಬಿತ್ತಬೇಕು.

ಕಾಫಿ ಹಣ್ಣಿನಲ್ಲೂ ನಡೆಯುವುದು ಇದೇ. ಕಾಯಿಕೊರಕ ಎಂಬ ಪುಟ್ಟ ಕಪ್ಪು ದುಂಬಿ ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಗಿನ ಬೀಜವನ್ನು ಪುಡಿಮಾಡುತ್ತದೆ. ಗಾತ್ರ ಹಾಗೆಯೇ ಉಳಿದು ತೂಕ ಇಳಿಯುತ್ತದೆ. ಎರಡು ಬೀಜಗಳಲ್ಲಿ ಒಂದು ಜೊಳ್ಳಾಗಿದ್ದರೂ ಹೀಗೆಯೇ. ಆದರೆ ತೊಟ್ಟಿಯ ತೀರ್ಪು ಗುಣದ ತೀರ್ಪಲ್ಲ ಎಂಬುದನ್ನು ನೆನಪಿಡಬೇಕೆಂದು ನನ್ನ ಅಭಿಪ್ರಾಯ. ಗಿಡದಲ್ಲೇ ಒಣಗಿ ಸಿಪ್ಪೆಯೊಳಗೆ ಗಾಳಿ ಸೇರಿದ ಹಣ್ಣು, ಬೀಜ ಚೆನ್ನಾಗಿದ್ದರೂ ತೇಲಬಹುದು. ದುಂಬಿ ಈಗಷ್ಟೇ ಹೊಕ್ಕ ಹಣ್ಣು ಮುಳುಗಿಯೇ ಹೋಗಬಹುದು. ಆದ್ದರಿಂದ ಬಾಚಿ ತೆಗೆದ ರಾಶಿಯಿಂದ ಒಂದು ಹಿಡಿ ಹಣ್ಣನ್ನು ಬಿಡಿಸಿ, ಬೀಜವನ್ನು ಕಣ್ಣಾರೆ ನೋಡುವುದು ಒಳ್ಳೆಯದು.