ಮತದಾರರ ಚೀಟಿಯಲ್ಲಿ ಕಠ್ಮಂಡುವಿಗೆ: ಆಧಾರ್ ಏಕೆ ಸಾಲದು?

ಗಡಿಯ ಅಧಿಕಾರಿಗೆ ತಿಳಿಯಬೇಕಾದದ್ದು ಎರಡು: ನೀವು ಯಾರು, ಯಾವ ದೇಶದ ಪ್ರಜೆ. ಬ್ಯಾಂಕಿಗೆ ಮೊದಲನೆಯದು ಸಾಕು, ಗಡಿಗೆ ಸಾಲದು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ನೇಪಾಳ ಪ್ರಯಾಣದ ನಿಯಮಗಳನ್ನು ಉರು ಹೊಡೆಯುವ ಅಗತ್ಯವೇ ಇರುವುದಿಲ್ಲ.

ಆಧಾರ್ ಕೊಡುವುದು ನಿವಾಸಿಗಳಿಗೆ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿದ್ದ ವಿದೇಶಿಯೂ ಅದಕ್ಕೆ ಅರ್ಹ. ಅದು ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಮತದಾರರ ಪಟ್ಟಿಯ ಕಥೆ ಬೇರೆ: ಸಂವಿಧಾನದ 326ನೇ ವಿಧಿಯ ಪ್ರಕಾರ ಮತದಾನದ ಹಕ್ಕು ಪ್ರಜೆಗಳಿಗೆ ಮಾತ್ರ. ಮತದಾರರ ಚೀಟಿ ಪೌರತ್ವದ ಪ್ರಮಾಣಪತ್ರವೇನಲ್ಲ, ಆದರೆ ಪ್ರಜೆಯಲ್ಲದವರಿಗೆ ಅದನ್ನು ಕೊಡುವಂತಿಲ್ಲ. ಹಾಗಾಗಿ ವಿಮಾನದಲ್ಲಿ ನೇಪಾಳಕ್ಕೆ ಹೋಗುವ ವಯಸ್ಕ ಭಾರತೀಯರ ಕೈಯಲ್ಲಿ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ. ವೀಸಾ ಬೇಡ.

15 ವರ್ಷದೊಳಗಿನವರಿಗೂ 65 ದಾಟಿದವರಿಗೂ ವಿನಾಯಿತಿ ಇದೆ. ಆಧಾರ್, ಪಾನ್, ಚಾಲನಾ ಪರವಾನಗಿ, ಪಡಿತರ ಚೀಟಿ ಯಾವುದಾದರೂ ನಡೆಯುತ್ತದೆ, ಫೋಟೊ ಇರಬೇಕು. 15ರಿಂದ 18ರ ನಡುವಿನವರಿಗೆ ಮತದಾರರ ಚೀಟಿ ಸಿಗುವುದೇ ಇಲ್ಲವಲ್ಲ, ಅವರು ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ತರಬೇಕು. ಪ್ರಯಾಣದ ತಯಾರಿಯಲ್ಲಿ ಎಲ್ಲರೂ ಮರೆಯುವ ವಯಸ್ಸು ಇದು.

ಮುಕ್ತಿನಾಥ, ಪಶುಪತಿನಾಥ ಯಾತ್ರೆಗೆ ಹೊರಟ ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ದಿಲ್ಲಿಯಲ್ಲಿ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಬೆಂಗಳೂರಿನಿಂದ ದಿಲ್ಲಿಯವರೆಗೆ ದೇಶದೊಳಗಿನ ಪ್ರಯಾಣ. ಆಧಾರ್ ತೋರಿಸಿದರೆ ಯಾರೂ ತಡೆಯುವುದಿಲ್ಲ. ಕಠ್ಮಂಡು ವಿಮಾನದ ಕೌಂಟರಿಗೆ ಹೋದಾಗ ಅದೇ ಕಾರ್ಡ್ ನಿಲ್ಲುವುದಿಲ್ಲ, ಮನೆಯಿಂದ ಚೀಟಿ ತರಿಸಲು ಸಮಯವೂ ಇರುವುದಿಲ್ಲ. ಮೊಬೈಲಿನಲ್ಲಿರುವ ಚಿತ್ರವನ್ನು ನೆಚ್ಚಬೇಡಿ. ಮೂಲ ಕಾರ್ಡೇ ಜೊತೆಗಿರಲಿ.

ಇನ್ನೊಂದು ತೊಡಕು ಇನಿಷಿಯಲ್. ಚೀಟಿಯಲ್ಲಿ ಬರೀ ‘ಮಂಜುನಾಥ’, ಟಿಕೆಟ್‌ನಲ್ಲಿ ಕೆ. ಎಸ್. ಅನ್ನು ಬಿಡಿಸಿ ಊರ ಹೆಸರು, ತಂದೆಯ ಹೆಸರು ಎರಡೂ ಸೇರಿಸಿ ಬರೆದರೆ ಇಬ್ಬರು ವ್ಯಕ್ತಿಗಳಂತೆ ಕಾಣುತ್ತದೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಕಾಗುಣಿತವನ್ನೇ ನೋಡಿ ಟಿಕೆಟ್ ಮಾಡಿಸಿ. ಚೀಟಿಯಲ್ಲೇ ತಪ್ಪಿದ್ದರೆ ನಮೂನೆ 8ರಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು. ಪರಿಶೀಲನೆ ಮುಗಿದು ಹೊಸ ಕಾರ್ಡ್ ಬರಲು ಕಾಲ ಹಿಡಿಯುತ್ತದೆ, ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ.

ಈ ಸವಲತ್ತು ಭಾರತದಿಂದ ನೇಪಾಳಕ್ಕೆ ಹೋಗಿ ಬರುವುದಕ್ಕಷ್ಟೇ. ದುಬೈನಲ್ಲಿರುವ ಮಂಗಳೂರಿನವರು ಅಲ್ಲಿಂದ ನೇರವಾಗಿ ಕಠ್ಮಂಡುವಿಗೆ ಹೋಗಬೇಕಾದರೆ ಪಾಸ್‌ಪೋರ್ಟೇ ಬೇಕು. ಅಮೆರಿಕದ ಪಾಸ್‌ಪೋರ್ಟ್ ಇರುವ ಮೊಮ್ಮಗಳು ಅಜ್ಜಿಯ ಜೊತೆ ಹೋದರೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ನೆರವಿಗೆ ಬಾರದು. ಅದು ಭಾರತದ ಪೌರತ್ವವಲ್ಲವಾದ್ದರಿಂದ ನೇಪಾಳದ ವೀಸಾ ಮಾಡಿಸಲೇಬೇಕು.

ಭೂತಾನಕ್ಕೂ ಮತದಾರರ ಚೀಟಿ ನಡೆಯುತ್ತದೆ, ಆದರೆ ಅಲ್ಲಿ ಪ್ರವೇಶ ಪರವಾನಗಿ ಪಡೆಯಬೇಕು. 2022ರ ಸೆಪ್ಟೆಂಬರಿನಿಂದ ಭಾರತೀಯ ಪ್ರವಾಸಿಗರಿಗೆ ರಾತ್ರಿಯೊಂದಕ್ಕೆ 1200 ರೂಪಾಯಿ ಶುಲ್ಕವೂ ಇದೆ.

ಯುರೋಪಿನ ಕಾರ್ಡಿನೊಂದಿಗೆ ಹೋಲಿಸಿದರೆ ನಮ್ಮ ಚೀಟಿಯ ಮಿತಿ ಕಾಣುತ್ತದೆ. ಐರೋಪ್ಯ ಒಕ್ಕೂಟದ ದೇಶಗಳು 2021ರ ಆಗಸ್ಟ್ 2ರಿಂದ ಕೊಡುವ ಗುರುತಿನ ಚೀಟಿಗಳಲ್ಲಿ ಮುಖಚಿತ್ರ ಮತ್ತು ಎರಡು ಬೆರಳಚ್ಚು ಇರುವ ಚಿಪ್ ಇದೆ. ಯಂತ್ರ ಓದುವ ಮೂರು ಸಾಲುಗಳಿವೆ, ಸಾಲಿಗೆ 30 ಅಕ್ಷರ. ಆ ಸಾಲುಗಳಲ್ಲಿ ರಾಷ್ಟ್ರೀಯತೆ ಮತ್ತು ಅವಧಿ ಮುಗಿಯುವ ದಿನ ಎರಡೂ ಸೇರಿರುತ್ತವೆ. ನಮ್ಮ ಮತದಾರರ ಚೀಟಿಯಲ್ಲಿ ಆ ಸಾಲುಗಳೂ ಇಲ್ಲ, ಮುಗಿಯುವ ದಿನವೂ ಇಲ್ಲ. ನೆರೆಯ ದೇಶ ಒಪ್ಪಿಕೊಂಡಿರುವುದರಿಂದಲೇ ಅದು ಗಡಿ ದಾಟುತ್ತದೆ. ಎರಡೂ ದೇಶಗಳ ಪ್ರಜೆಗಳಿಗೆ ಪರಸ್ಪರ ವಾಸ, ಓಡಾಟದ ಸವಲತ್ತು ಕೊಡುವ 1950ರ ಭಾರತ–ನೇಪಾಳ ಒಪ್ಪಂದದ 7ನೇ ವಿಧಿಯನ್ನು ಇದರ ಜೊತೆಗೇ ಓದಿ.

ನೇಪಾಳದಲ್ಲಿ ಕಾರ್ಡ್ ಕಳೆದುಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ. ಮರಳಿ ಬರಲು ಒಂದೇ ಪ್ರಯಾಣಕ್ಕೆ ಸಲ್ಲುವ ತುರ್ತು ಪ್ರಮಾಣಪತ್ರ ಅಲ್ಲಿ ಸಿಗುತ್ತದೆ. ಚೀಟಿಯ ಜೆರಾಕ್ಸ್ ಒಂದು ಬೇರೆ ಚೀಲದಲ್ಲಿದ್ದರೆ ಆ ಕೆಲಸ ಸಲೀಸು.